ಬಾವಿಗಿಳಿದ ನೀರು ಸ್ಕೂಟರ್

ಎಂಜಿನ್ ಸ್ಟಾರ್ಟ್ ಆಗದಿದ್ದರೆ ಮೊದಲು ಬ್ಯಾಟರಿ ನೋಡಬೇಕು, ಆಮೇಲೆ ವೈರು, ಆಮೇಲೆ ಸ್ವಿಚ್ಚು, ಕೊನೆಗೆ ಮೋಟಾರು. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಇವೆಲ್ಲಕ್ಕೂ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ನಾನು ಕಡೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಓದುವುದಿಲ್ಲ.

ನಾನು ಕರುಮತ್ತಂಪಟ್ಟಿಯ ನೇಕಾರರ ಮನೆಯವನು, ಹೆಸರು ನಂಜಪ್ಪ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹೀಗೆ ನಮ್ಮ ಮನೆತನ ಎಷ್ಟು ತಲೆಮಾರು ಕಳೆದಿದೆಯೋ ಲೆಕ್ಕವಿಟ್ಟವರಿಲ್ಲ. ಕನ್ನಡ ಅಕ್ಷರ ಮಾತ್ರ ನನಗೆ ಬಂದದ್ದು ಕೆಲಸ ಬಿಟ್ಟ ಮೇಲೆ, ಕೊಳ್ಳೇಗಾಲದ ಕಡೆಯ ನನ್ನ ಹೆಂಡತಿಯಿಂದ. ಇದನ್ನೂ ಅವಳೇ ತಿದ್ದುತ್ತಿದ್ದಾಳೆ. ಒತ್ತಕ್ಷರ ತಪ್ಪಿದರೆ ನಾನು ಲಾರಿಯವರನ್ನು ಬೈಯುತ್ತಿದ್ದ ಹಾಗೆಯೇ ನನ್ನನ್ನು ಬೈಯುತ್ತಾಳೆ.

ಅಪ್ಪ ನನ್ನನ್ನು ಮಗ್ಗದ ಮುಂದೆ ನಿಲ್ಲಿಸಿದರೆ ನಾನು ನೂಲು ನೋಡುತ್ತಿರಲಿಲ್ಲ, ಮಗ್ಗದ ಮೋಟಾರು ಬಿಚ್ಚಿ ನೋಡುತ್ತಿದ್ದೆ. ಮೂರನೆಯ ಮೋಟಾರು ಕೆಟ್ಟ ದಿನ ಅವರು ನನ್ನನ್ನು ಕೊಯಮತ್ತೂರಿನ ಬಸ್ಸು ಹತ್ತಿಸಿ, ರಂಗಸ್ವಾಮಿ ಮಾವನ ಅಂಗಡಿಗೆ ಕಳಿಸಿಬಿಟ್ಟರು. ಮಾವ ಅಂದರೆ ನನ್ನ ಅವ್ವನ ತಮ್ಮ. ಲಾರಿಗಳ ಸ್ಟಾರ್ಟರ್ ಮೋಟಾರು, ಡೈನಮೊ ರಿಪೇರಿಯಲ್ಲಿ ಅವನದು ದೊಡ್ಡ ಹೆಸರು. ಅದಕ್ಕಿಂತ ದೊಡ್ಡದು ಅವನ ಮೀಸೆ, ಮೀಸೆಗಿಂತ ದೊಡ್ಡದು ಅವನ ಸ್ಕ್ರೂಡ್ರೈವರ್. ಸ್ಟಾರ್ಟ್ ಆಗದ ಲಾರಿ ಬಂದರೆ ಮಾವ ಏನನ್ನೂ ಕೇಳುತ್ತಿರಲಿಲ್ಲ. ಬಾನೆಟ್ಟು ಎತ್ತಿ, ಸ್ಟಾರ್ಟರಿನ ಎರಡು ದಪ್ಪ ಬೋಲ್ಟುಗಳಿಗೆ ಅಡ್ಡಲಾಗಿ ಆ ಸ್ಕ್ರೂಡ್ರೈವರ್ ಇಡುತ್ತಿದ್ದ. ಕಿಡಿ ಹಾರುತ್ತಿತ್ತು. ಮೋಟಾರು ತಿರುಗಿದರೆ ಸ್ವಿಚ್ಚಿನ ದೋಷ, ತಿರುಗದಿದ್ದರೆ ಮೋಟಾರಿನ ದೋಷ. ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಕೆನ್ನುವವರು ಕೈಲಾಗದವರು ಎಂದು ಅವನ ಅಭಿಪ್ರಾಯ.

ಮಾವನಿಗೆ ಇನ್ನೊಂದು ವಿದ್ಯೆಯೂ ಇತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಒಂದು ಲಾರಿಗೆ ಬ್ಯಾಟರಿಯನ್ನು ತಲೆಕೆಳಗಾಗಿ ಜೋಡಿಸಿದೆ, ಪ್ಲಸ್ ಇರಬೇಕಾದಲ್ಲಿ ಮೈನಸ್. ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಎದ್ದಿತು. ಲಾರಿಯ ಯಜಮಾನ ಬಾಯಿ ತೆರೆಯುವ ಮೊದಲೇ ಮಾವ, "ಒಳಗಿದ್ದ ಹಳೇ ಹೊಗೆ ಈಚೆ ಬಂತು. ಒಳ್ಳೇದೇ ಆಯ್ತು, ಇನ್ನ ವಯರಿಂಗ್ ಪೂರಾ ಹೊಸದು ಹಾಕ್ಬುಡಣ," ಅಂದ. ಆ ಮನುಷ್ಯ ತಲೆಯಾಡಿಸಿ, ಕೈಮುಗಿದು ಹೋದ. ನಾನು ಬೆರಗಾಗಿ ನಿಂತೆ. ಗ್ರಾಹಕನ ಮುಂದೆ ತಪ್ಪು ಒಪ್ಪಿಕೊಳ್ಳುವುದು ನಮ್ಮ ಅಂಗಡಿಯ ಪದ್ಧತಿಯಲ್ಲ ಎಂದು ಅವತ್ತು ಕಲಿತೆ. ಅದನ್ನು ಮರೆಯಲು ಎಂಟು ವರ್ಷ ಮತ್ತು ಒಂದು ನೀರು ಸ್ಕೂಟರ್ ಬೇಕಾಯಿತು.

ನಮ್ಮ ಅಂಗಡಿಗೆ ಬರುತ್ತಿದ್ದ ಲಾರಿಗಳಲ್ಲಿ ಅರ್ಧ ಒಂದೇ ನೂಲಿನ ಮಿಲ್ಲಿನವು. ಆ ಮಿಲ್ಲಿನ ಯಜಮಾನರನ್ನು ಎಲ್ಲರೂ ಮೊದಲಾಳಿ ಎಂದೇ ಕರೆಯುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ಹೊರದೇಶದ ನೆಂಟರೊಬ್ಬರು ಅವರಿಗೊಂದು ನೀರು ಸ್ಕೂಟರನ್ನು ಹಡಗಿನಲ್ಲಿ ಕಳಿಸಿಕೊಟ್ಟರು. ಮೇಲೆ ಸೀಟು, ಹಿಡಿ. ಕೆಳಗೆ ದೋಣಿಯ ಮೈ. ಒಳಗೆ ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನ್. ಚಕ್ರವಿಲ್ಲ. ಕೆಳಗಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿ ಮುಂದೆ ಓಡುತ್ತದೆ. ಎಂಜಿನ್ನನ್ನು ತಣ್ಣಗಿಡುವುದೂ ಅದೇ ನೀರು, ಹಾಗಾಗಿ ನೆಲದ ಮೇಲೆ ಕ್ಷಣಕ್ಕಿಂತ ಹೆಚ್ಚು ಓಡಿಸುವಂತಿಲ್ಲ.

ಸಮುದ್ರದ ಯಂತ್ರ ಮೊದಲಾಳಿಯ ಊರಾದ ಕಾಂಗೇಯಂಗೆ ಬಂದರೆ ಓಡಿಸುವುದೆಲ್ಲಿ? ಅಣೆಕಟ್ಟೆಗೆ ಇಳಿಸಲು ಅನುಮತಿ ಕೇಳಿ ಮೊದಲಾಳಿ ಅರ್ಜಿ ಹಾಕಿದ್ದರು. ಅದು ಬರುವವರೆಗೆ ಕಾಯುವ ತಾಳ್ಮೆ ಇಲ್ಲದೆ ತಮ್ಮ ತೆಂಗಿನ ತೋಟದ ಬಾವಿಗೆ ಇಳಿಸಿದರು. ನಮ್ಮ ಕಡೆಯ ಬಾವಿ ನೋಡದವರಿಗೆ ಇದು ಹುಚ್ಚೆನಿಸಬಹುದು. ಬಂಡೆ ಒಡೆದು ತೋಡಿದ ಚೌಕ ಬಾವಿ ಅದು, ಒಂದೊಂದು ಬದಿಯೂ ಎಂಬತ್ತು ಅಡಿ. ಪಂಪಿನ ಮೋಟಾರು ಎತ್ತಿ ಇಳಿಸಲು ಅಂಚಿನಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಚೈನ್ ರಾಟೆ ಹಾಕಿದ್ದರು. ಅದರಲ್ಲೇ ಸ್ಕೂಟರನ್ನೂ ಇಳಿಸುವುದು.

ಮೊದಲ ದಿನವೇ ನಮ್ಮನ್ನು ಕರೆಸಿದರು. ಬಟನ್ ಒತ್ತಿದರೆ ಸದ್ದೇ ಇಲ್ಲ. ಮಾವ ಮತ್ತು ನಾನು ಎರಡು ದಿನ ಒದ್ದಾಡಿದೆವು. ಮೂರನೆಯ ದಿನ, ತೋಟದ ಪಂಪು ನೋಡಿಕೊಳ್ಳುವ ಕಾಳಿಯಪ್ಪನ್ ಸೊಂಟದಿಂದ ಸ್ಕೂಟರ್ ಇಡುವ ಶೆಡ್ಡಿನ ಕೀಲಿ ತೆಗೆದಾಗ, ಅದಕ್ಕೆ ಸುರುಳಿ ಸುರುಳಿಯಾದ ಕೆಂಪು ಪ್ಲಾಸ್ಟಿಕ್ ಹಗ್ಗ ನೇತಾಡುತ್ತಿತ್ತು. ಪೆಟ್ಟಿಗೆಯಲ್ಲಿ ಬಂದದ್ದು, ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದ. ಓಡಿಸುವವನು ಆ ಹಗ್ಗವನ್ನು ಕೈಗೆ ಕಟ್ಟಿಕೊಂಡು, ಅದರ ತುದಿಯ ಕ್ಲಿಪ್ಪನ್ನು ಸ್ವಿಚ್ಚಿಗೆ ಸಿಕ್ಕಿಸಬೇಕು. ಅವನು ನೀರಿಗೆ ಬಿದ್ದರೆ ಕ್ಲಿಪ್ಪು ಕಿತ್ತು ಎಂಜಿನ್ ನಿಲ್ಲುತ್ತದೆ. ಕ್ಲಿಪ್ಪಿಲ್ಲದೆ ಸ್ಟಾರ್ಟೇ ಆಗದು. ಮಾವ ಅದನ್ನು ಸಿಕ್ಕಿಸಿ, "ಎರಡು ದಿನ ರಿಪೇರಿ ಮಾಡಿದ್ದಕ್ಕೆ ಈಗ ಕ್ಲಿಪ್ಪು ಹಿಡೀತು," ಎಂದು ಮೊದಲಾಳಿಗೆ ವಿವರಿಸಿದ.

ಮೊದಲಾಳಿ ಪಂಚೆ ಮೇಲೆತ್ತಿ ಕಟ್ಟಿ ಸವಾರಿ ಹೊರಟರು. ನಾಲ್ಕು ಸುತ್ತಿಗೆ ನಾಲ್ಕು ಸಲ ನೀರಿಗೆ ಬಿದ್ದರು. ಅಂಚಿನಲ್ಲಿ ನಿಂತಿದ್ದ ನಾವೆಲ್ಲ ತೆಂಗಿನ ಮರದ ತುದಿಗಳನ್ನು ಬಹಳ ಗಮನವಿಟ್ಟು ನೋಡಿದೆವು. ಕಾಳಿಯಪ್ಪನ್ ಮಾತ್ರ ಸ್ಕೂಟರನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಅವತ್ತೇ ಒಂದು ಆಸೆ ಇತ್ತು, ಆದರೆ ನನಗೆ ಕರೆಂಟು ಬಿಟ್ಟು ಬೇರೇನೂ ಅರ್ಥವಾಗದ ವಯಸ್ಸು.

ಆಯುಧಪೂಜೆ ಬಂತು. ಮಿಲ್ಲಿನ ಲಾರಿಗಳಿಗೆಲ್ಲ ಸರ್ವಿಸ್ ಮಾಡಿ, ಗಂಧ ಕುಂಕುಮ ಇಡುವುದು ನಮ್ಮದೇ ಕೆಲಸ. ಆ ವರ್ಷ ಸ್ಕೂಟರೂ ಸೇರಿಕೊಂಡಿತು. ನಾನು ಅದರ ವೈರುಗಳನ್ನೆಲ್ಲ ಬಿಚ್ಚಿ, ತುದಿಗಳನ್ನು ಎಮರಿ ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿದೆ. ಗಂಧದ ಬಟ್ಟಲು ಹಿಡಿದು ಮುಂಭಾಗಕ್ಕೆ ಬೊಟ್ಟಿಡಲು ಹೋದಾಗ ಮೊದಲಾಳಿ ಓಡಿಬಂದು ನನ್ನ ಕೈ ಹಿಡಿದರು.

"ಪೈಂಟ್ ಮೇಲೆ ಬೇಡ ತಂಬಿ! ಫಾರಿನ್ ಪೈಂಟು. ಕಲೆ ಬಿದ್ದರೆ ಹೋಗಲ್ಲ. ಕಾಣದ ಕಡೆ ಎಲ್ಲಾದರೂ ಇಡು, ದೇವರಿಗೆ ಗೊತ್ತಾದರೆ ಸಾಕು."

ನಾನು ಸೀಟು ಎತ್ತಿ ಒಳಗೆ ಬೊಟ್ಟಿಟ್ಟು, ವೈರುಗಳನ್ನು ಮತ್ತೆ ಬಿಗಿದೆ. ಸ್ಕೂಟರು ಒಂದೇ ಒತ್ತಿಗೆ ಸ್ಟಾರ್ಟ್ ಆಯಿತು. ಎಲ್ಲರಿಗೂ ಪುರಿ, ಕಡಲೆ ಹಂಚಿದರು.

ಪೊಂಗಲ್‌ಗೆ ಐದು ದಿನ ಇರುವಾಗ ಮಿಲ್ಲಿನಿಂದ ಫೋನು. ಸ್ಕೂಟರು ಸ್ಟಾರ್ಟ್ ಆಗುತ್ತಿಲ್ಲ. ಹಬ್ಬದ ಕೊನೆಯ ದಿನವಾದ ಕಾಣುಂ ಪೊಂಗಲ್ ದಿನ ಮೊದಲಾಳಿಯ ಹೊಸ ಬೀಗರು ತೋಟಕ್ಕೆ ಬರುವವರಿದ್ದರು, ಸ್ಕೂಟರ್ ಸವಾರಿ ನೋಡಲೆಂದೇ. ಮಾವ ಮತ್ತು ನಾನು ಬಸ್ಸು ಹಿಡಿದು ಹೋದೆವು. ಬಟನ್ ಒತ್ತಿದರೆ ಒಳಗೆ ಒಂದು ಟಕ್. ಇನ್ನೊಮ್ಮೆ ಒತ್ತಿದರೆ ಇನ್ನೊಂದು ಟಕ್. ಅಷ್ಟೇ. ಬ್ಯಾಟರಿಗೆ ಲಾರಿಯ ಹೆಡ್‌ಲೈಟ್ ಬಲ್ಬು ಹಚ್ಚಿ ನೋಡಿದೆ, ಕಣ್ಣು ಕುಕ್ಕುವಷ್ಟು ಉರಿಯಿತು.

"ಸರಿ ಬುಡು, ಆ ಕಡೀಕ್ಕೆ ಹೋಗು," ಎಂದು ಮಾವ ಸ್ಕ್ರೂಡ್ರೈವರ್ ತೆಗೆದ.

ಈ ಕಸುಬಿಗೆ ಹೊಸಬರೇ, ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಲಾರಿಯ ಬಾನೆಟ್ಟಿನೊಳಗೆ ಗಾಳಿ ಆಡುತ್ತದೆ. ನೀರು ಸ್ಕೂಟರಿನ ಹೊಟ್ಟೆ ಮುಚ್ಚಿದ ಡಬ್ಬಿ. ಒಳಗೆ ಪೆಟ್ರೋಲಿನ ಆವಿ ತುಂಬಿ ಕುಳಿತಿರುತ್ತದೆ. ಸೀಟು ತೆಗೆದು ಸಾಕಷ್ಟು ಹೊತ್ತು ಗಾಳಿಗೆ ಬಿಡದೆ ಅಲ್ಲಿ ಕಿಡಿ ಹಾರಿಸಬಾರದು. ಇದು ಆಗ ನಮಗಾರಿಗೂ ಗೊತ್ತಿರಲಿಲ್ಲ. ಮಾವ ಸ್ಕ್ರೂಡ್ರೈವರ್ ಇಟ್ಟ. ಬುಸ್ಸೆಂದು ನೀಲಿ ಬೆಂಕಿ ಎದ್ದು ಹಾಗೇ ಆರಿತು. ಮಾವ ತಲೆ ಎತ್ತಿದಾಗ ಮೀಸೆ ಎಡಗಡೆ ಮಾತ್ರ ಇತ್ತು.

ಪುಣ್ಯಕ್ಕೆ ಮುಖಕ್ಕೆ ಏನೂ ಆಗಲಿಲ್ಲ. ಆದರೆ ಇಪ್ಪತ್ತು ವರ್ಷ ಸಾಕಿದ ಮೀಸೆ, ಅದೂ ಮೊದಲಾಳಿಯ ಎದುರಿಗೆ! ಮಾವನಿಗೆ ಏನಾದರೂ ಹೇಳಲೇಬೇಕಾಯಿತು. "ಮೋಟಾರಿಗೆ ನೀರು ಇಳಿದಿದೆ ಮೊದಲಾಳಿ. ಅದಕ್ಕೇ ಹೀಗಾಗೋದು," ಎಂದುಬಿಟ್ಟ.

ಹಳೇ ಹೊಗೆಯ ಹಾಗೆ ಇದೂ ಅವನ ಬಾಯಿಗೆ ಬಂದ ಮಾತು. ಆದರೆ ಮೊದಲಾಳಿ ಯೋಚಿಸುವ ಮನುಷ್ಯ. "ನಾನು ಬಿದ್ದಾಗೆಲ್ಲ ಸ್ಕೂಟರು ನೆಟ್ಟಗೇ ನಿಂತಿತ್ತು. ಒಳಗೆ ನೀರು ಹೋಗಬೇಕಾದರೆ ಯಾರೋ ಮಗುಚಿರಬೇಕು," ಅಂದರು. ಶೆಡ್ಡಿನ ಕೀಲಿ ಇದ್ದದ್ದು ಒಬ್ಬನ ಸೊಂಟದಲ್ಲಿ. ಎಲ್ಲರೂ ಕಾಳಿಯಪ್ಪನ್ ಕಡೆ ತಿರುಗಿದರು.

ಅವನು ಏನು ಹೇಳಿದರೂ ಮೊದಲಾಳಿ ಕೇಳಲಿಲ್ಲ. "ನನ್ನ ಕಣ್ಣು ತಪ್ಪಿಸಿ ಓಡಿಸಿ, ಮುಳುಗಿಸಿ, ಒರೆಸಿಟ್ಟಿದ್ದೀಯ. ಪೊಂಗಲ್ ಮುಗಿಯಲಿ, ಮನೆ ಖಾಲಿ ಮಾಡು," ಎಂದರು. ತೋಟದ ಮೂಲೆಯ ಆ ಮನೆಯಲ್ಲಿ ಕಾಳಿಯಪ್ಪನ್ ಹೆಂಡತಿ ಮಕ್ಕಳೊಂದಿಗೆ ಹದಿನೈದು ವರ್ಷದಿಂದ ಇದ್ದ. ಬಾವಿ, ಪಂಪು, ತೆಂಗಿನ ಸಾಲು ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ನಾವು ಸ್ಟಾರ್ಟರ್ ಮೋಟಾರು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಕೊಯಮತ್ತೂರಿಗೆ ಹಿಂದಿರುಗಿದೆವು. ಮಾವ ದಾರಿಯಲ್ಲೇ ಸಲೂನಿಗೆ ಹೋಗಿ ಉಳಿದರ್ಧವನ್ನೂ ತೆಗೆಸಿದ. ಬಾಗಿಲು ತೆರೆದ ಅತ್ತೆ, "ಅವ್ರು ಊರಲ್ಲಿಲ್ಲ, ನಾಳೀಕ್ಕೆ ಬನ್ನಿ," ಎಂದು ಬಾಗಿಲು ಹಾಕಿಕೊಂಡಳು.

ಅಂಗಡಿಯಲ್ಲಿ ಮೋಟಾರು ಬಿಚ್ಚಿದರೆ ಒಳಗೆ ಬೂದಿಯಷ್ಟು ಒಣಗಿತ್ತು. ಒಂದು ತೊಟ್ಟು ನೀರಿಲ್ಲ. ಮೇಜಿನ ಮೇಲೆ ಬ್ಯಾಟರಿ ಕೊಟ್ಟರೆ ಗುಂಯ್ ಎಂದು ತಿರುಗಿತು. ಆದರೂ ಮಾವ, ಬಿಚ್ಚಿದ್ದೇವಲ್ಲ ಎಂದು ಹೊಸ ಕಾರ್ಬನ್ ಬ್ರಷ್ಷು ಹಾಕಿದ. ಎರಡು ದಿನ ಬಿಟ್ಟು ಮತ್ತೆ ಹೋಗಿ ಕೂರಿಸಿ ಬಟನ್ ಒತ್ತಿದೆವು. ಟಕ್.

ಹಬ್ಬಕ್ಕೆ ಮೂರೇ ದಿನ. ಮಾವ ಎಳನೀರು ಕುಡಿಯುತ್ತ ನೆರಳಿನಲ್ಲಿ ಕುಳಿತ. ಕಾಳಿಯಪ್ಪನ್ ನನ್ನ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತ. ಅವನ ತಮಿಳನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ನಂಜಣ್ಣಾ, ನನ್ನ ಮಕ್ಕಳ ಮೇಲೆ ಆಣೆ. ನಾನು ಅದನ್ನ ಮಗುಚಿಲ್ಲ. ಮುಳುಗಿಸಿಲ್ಲ. ಒಂದ್ ತೊಟ್ಟು ನೀರು ಒಳಗೆ ಹೋಗಿಲ್ಲ."

"ನನಗೆ ಗೊತ್ತು. ಮೋಟಾರು ಒಣಗಿತ್ತು," ಎಂದೆ.

"ಮೊದಲಾಳಿಗೆ ಅದನ್ನ ಹೇಳಬಾರದಾ?"

ಹೇಳಿದರೆ ಮಾವನ ಮಾತು ಸುಳ್ಳಾಗುತ್ತದೆ, ಮಿಲ್ಲಿನ ಲಾರಿಗಳು ಬೇರೆ ಅಂಗಡಿಗೆ ಹೋಗುತ್ತವೆ. ನಾನು ಸೀಟಿನ ಕೆಳಗೆ ತಲೆ ಹಾಕಿದೆ. ಆ ಹೇಡಿತನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಡೆಯ ಪ್ರಯತ್ನವೆಂದು ಮೊದಲಾಳಿಯ ಕಾರನ್ನು ಹತ್ತಿರ ತರಿಸಿ, ಅದರ ಬ್ಯಾಟರಿಯಿಂದ, ತುದಿಗೆ ಕಚ್ಚುವ ಚಿಮ್ಮಟಗಳಿದ್ದ ಎರಡು ದಪ್ಪ ವೈರು ಎಳೆದೆ. ಕೆಂಪು ಚಿಮ್ಮಟವನ್ನು ಸ್ಕೂಟರಿನ ಬ್ಯಾಟರಿಯ ಪ್ಲಸ್‌ಗೆ ಕಚ್ಚಿಸಿದೆ. ಕಪ್ಪನ್ನು ಮೈನಸ್‌ಗೆ ಕಚ್ಚಿಸಬೇಕು. ಜಾಗ ಇಕ್ಕಟ್ಟು, ಕೈಯೆಲ್ಲ ಬೆವರು, ಚಿಮ್ಮಟ ಜಾರಿ ಜಾರಿ ಬೀಳುತ್ತಿತ್ತು. ಸಿಟ್ಟು ಬಂದು ಅದನ್ನು ಎಂಜಿನ್ನಿನ ಕಬ್ಬಿಣಕ್ಕೇ ಕಚ್ಚಿಸಿ ಬಟನ್ ಒತ್ತಿದೆ.

ಎಂಜಿನ್ ಗರ್ ಎಂದು ತಿರುಗಿತು. ಕಾಳಿಯಪ್ಪನ್ ಹಾರಿ ನಿಂತ. ನಾನು ತಕ್ಷಣ ಕೈ ತೆಗೆದೆ. ಚಿಮ್ಮಟವನ್ನು ಹೇಗೋ ಬ್ಯಾಟರಿಯ ಮೈನಸ್‌ಗೇ ಕಚ್ಚಿಸಿ ಒತ್ತಿದೆ: ಟಕ್. ಮತ್ತೆ ಎಂಜಿನ್ನಿಗೆ: ಗರ್.

ಆಗ ಹೊಳೆಯಿತು. ಕರೆಂಟು ಬ್ಯಾಟರಿಯಿಂದ ಮೋಟಾರಿಗೆ ಹೋದರೆ ಸಾಲದು, ಎಂಜಿನ್ನಿನ ಮೈಯಿಂದ ಬ್ಯಾಟರಿಗೆ ಮರಳಬೇಕು. ಹೋಗುವ ದಾರಿಯನ್ನು ನಾವು ಐದು ಸಲ ನೋಡಿದ್ದೆವು. ಮರಳುವ ದಾರಿಯನ್ನು ಒಮ್ಮೆಯೂ ನೋಡಿರಲಿಲ್ಲ. ಅದು ಒಂದು ಕಪ್ಪು ಅರ್ತ್ ವೈರು, ಎಂಜಿನ್ನಿನ ಬುಡದಲ್ಲಿ ಒಂದು ಬೋಲ್ಟಿಗೆ ಬಿಗಿದದ್ದು. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಸ್ಪ್ಯಾನರ್ ಹಾಕಿ ಬೋಲ್ಟು ಬಿಚ್ಚಿದೆ. ವೈರಿನ ತುದಿಯ ಕೆಳಗೆ ಹಸಿರು ಕಿಲುಬು, ಅದರ ನಡುವೆ ಗಟ್ಟಿಯಾದ ಹಳದಿ ಪುಡಿ. ಬೆರಳಿನಲ್ಲಿ ಕೆರೆದು ಮೂಗಿಗೆ ಹಿಡಿದೆ.

ಗಂಧ.

ಪೂಜೆಯ ದಿನ ಕಾಣದ ಕಡೆ ಎಂದು ಹುಡುಕಿ, ಬಣ್ಣವಿಲ್ಲದ ಬೆತ್ತಲೆ ಕಬ್ಬಿಣ ಅದೊಂದೇ ಎಂದು, ಆ ಬೋಲ್ಟಿನ ಜಾಗಕ್ಕೇ ದಪ್ಪಗೆ ಗಂಧ ಮೆತ್ತಿ ಮೇಲೆ ವೈರು ಬಿಗಿದಿದ್ದೆ. ಅವತ್ತು ಹಸಿಯಾಗಿದ್ದರಿಂದ ಪಕ್ಕಕ್ಕೆ ಸರಿದು ಹೇಗೋ ಕೆಲಸ ನಡೆಯಿತು. ಬಾವಿಯ ತೇವಕ್ಕೆ ಮೂರು ತಿಂಗಳಲ್ಲಿ ಕಿಲುಬು ಹಿಡಿದು, ಒಣಗಿ, ಕರೆಂಟಿಗೆ ಅಡ್ಡಗೋಡೆ ಕಟ್ಟಿತ್ತು. ಇಷ್ಟು ಭಕ್ತಿಯಿಂದ ಒಂದು ಯಂತ್ರವನ್ನು ಕೆಡಿಸಿದವನು ನಾನೊಬ್ಬನೇ ಇರಬೇಕು.

ಎಂಜಿನ್ ಸದ್ದಿಗೆ ಮೊದಲಾಳಿ ಮನೆಯಿಂದ ಬಂದರು, ಮಾವ ನೆರಳಿನಿಂದ ಬಂದ. ಮಾವ ನನ್ನ ಬೆರಳು ನೋಡಿದ, ಬೋಲ್ಟು ನೋಡಿದ, ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಹೆಬ್ಬೆರಳಿನಿಂದ ಹಳದಿ ಪುಡಿಯನ್ನು ಒರೆಸುತ್ತ, ಮೊದಲಾಳಿಯ ಎದುರಿಗೇ, ನಗುಮುಖದಲ್ಲಿ, ನಮ್ಮ ಮನೆಯ ಕನ್ನಡದಲ್ಲಿ ಹೇಳಿದ:

"ಲೇ ನಂಜಾ, ಬಾಯಿ ಬುಡಬೇಡ. ನೀರು ಇಳ್ದು ವಯರು ಕೆಟ್ಟಿತ್ತು, ನಾವು ಸರಿ ಮಾಡ್ದೋ ಅಂತ ಹೇಳು. ಆ ಕಾಳಿಯಪ್ಪನ್ ಎಂಗೂ ಹೊರಡ್ತಾವ್ನೆ. ನಮ್ಮ ಅಂಗಡಿ ಮರ್ಯಾದೆ ಹೋದ್ರೆ ಮತ್ತೆ ಬರದು."

ಕಾಳಿಯಪ್ಪನ್ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಿದ್ದ. ಅವನಿಗೆ ನಮ್ಮ ಮಾತು ಬಾರದು. ತನ್ನ ಮನೆಯ ವಿಷಯ ಆ ಮಾತಿನಲ್ಲಿ ತೀರ್ಮಾನವಾಗುತ್ತಿದೆ ಎಂದು ಮಾತ್ರ ಗೊತ್ತಾದಂತಿತ್ತು. ಮಾವ ನನಗೆ ಅನ್ನ ಕೊಟ್ಟವನು, ವಿದ್ಯೆ ಕೊಟ್ಟವನು. ಆದರೂ ನಾನು ಮೊದಲಾಳಿಯ ಕಡೆ ತಿರುಗಿ ತಮಿಳಿನಲ್ಲಿ ಹೇಳಿದೆ.

"ನೀರು ಹೋಗಿಲ್ಲ ಮೊದಲಾಳಿ. ಮೋಟಾರು ಒಣಗಿತ್ತು. ಅರ್ತ್ ವೈರಿನ ಕೆಳಗೆ ಗಂಧ ಇಟ್ಟು ಬಿಗಿದವನು ನಾನೇ. ಕಾಳಿಯಪ್ಪನ್ ತಪ್ಪಿಲ್ಲ."

ಮಾವ ಕಣ್ಣು ಮುಚ್ಚಿಕೊಂಡ. ಮೊದಲಾಳಿ ಹೇಳಿದರು: "ರಂಗಸಾಮಿ, ನನ್ನ ಮಿಲ್ಲಿನಲ್ಲಿ ಅರ್ಧ ಜನ ನಿಮ್ಮ ಮಾತೇ ಆಡೋದು. ಮೂವತ್ತು ವರ್ಷದಿಂದ ಕೇಳ್ತಿದ್ದೀನಿ. ಮಾತಾಡಕ್ಕೆ ಬರಲ್ಲ, ತಿಳಿಯೋದು ಎಲ್ಲಾ ತಿಳಿಯುತ್ತೆ."

ಮಾವ ಮುಟ್ಟಿ ನೋಡಿಕೊಳ್ಳಲು ಮೀಸೆ ಹುಡುಕಿದ. ಅದೂ ಇರಲಿಲ್ಲ.

ಮೊದಲಾಳಿ ನನ್ನ ಕಡೆ ತಿರುಗಿದರು. "ಅಲ್ಲ ತಂಬಿ, ಗಂಧ ಇಡೋಕೆ ಬೇರೆ ಜಾಗ ಸಿಗಲಿಲ್ವಾ?"

"ಪೈಂಟ್ ಮೇಲೆ ಬೇಡ, ಕಾಣದ ಕಡೆ ಇಡು ಅಂದಿರಿ ಮೊದಲಾಳಿ."

ಅವರು ಮಾವನನ್ನು ನೋಡಿದರು, ಸ್ಕೂಟರನ್ನು ನೋಡಿದರು, ಕೊನೆಗೆ ಕಾಳಿಯಪ್ಪನ್‌ನನ್ನು ನೋಡಿದರು. ಕ್ಷಮಿಸು ಎಂದು ಕೆಲಸದವನಿಗೆ ಹೇಳಿ ಅಭ್ಯಾಸವಿಲ್ಲದ ಮನುಷ್ಯ ಅವರು. "ಮನೆ ಖಾಲಿ ಮಾಡೋದೇನೂ ಬೇಡ. ಮೊದಲು ನೀನೇ ಕೂತು ಒಂದು ಸುತ್ತು ಹೊಡಿ. ಬಿದ್ದರೂ ಪರವಾಗಿಲ್ಲ," ಎಂದರು.

ನಾನು ಬೋಲ್ಟಿನ ಜಾಗವನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಿ ವೈರು ಬಿಗಿದೆ. ಸ್ಕೂಟರನ್ನು ರಾಟೆಯಲ್ಲಿ ಬಾವಿಗೆ ಇಳಿಸಿದೆವು. ಕಾಳಿಯಪ್ಪನ್ ಮೆಟ್ಟಿಲಿಳಿದು ಹೋಗಿ, ಸೀಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ. ಕೆಂಪು ಹಗ್ಗವನ್ನು ಯಾರೂ ಹೇಳದೆಯೇ ಕೈಗೆ ಕಟ್ಟಿ, ಕ್ಲಿಪ್ಪು ಸಿಕ್ಕಿಸಿ, ಬಟನ್ ಒತ್ತಿದ. ಒಂದೇ ಒತ್ತಿಗೆ ಎಂಜಿನ್ ಹಿಡಿಯಿತು.

ಮೊದಲ ಮೂಲೆಯಲ್ಲಿ ಅವನು ಮೈಯನ್ನು ಒಳಕ್ಕೆ ವಾಲಿಸಿದ. ಎರಡನೆಯ ಮೂಲೆಯಲ್ಲಿ ಒಂದೇ ಕೈಯಲ್ಲಿ ತಿರುಗಿಸಿದ. ಪಂಪಿನ ಪೈಪಿಗೂ ಬಂಡೆಗೂ ನಡುವೆ ಇದ್ದ ನಾಲ್ಕಡಿ ಸಂದಿಯಲ್ಲಿ ವೇಗ ತಗ್ಗಿಸದೆ ನುಗ್ಗಿ ಆಚೆ ಬಂದ. ಬಾವಿಯ ಗೋಡೆಗೆ ನೀರೆರಚಿ ಎಂಟರ ಆಕಾರ ಬರೆದ. ನಾವು ಮೂವರೂ ಅಂಚಿನಲ್ಲಿ ನಿಂತು ನೋಡಿದೆವು. ಅದು ಮೊದಲ ಸಲ ಹತ್ತಿದವನ ಸವಾರಿಯಲ್ಲ, ಹತ್ತನೆಯ ಸಲದ್ದೂ ಅಲ್ಲ. ಮಗುಚಿಲ್ಲ, ಮುಳುಗಿಸಿಲ್ಲ ಎಂದು ಅವನು ಆಣೆಯಿಟ್ಟಿದ್ದು ಅಕ್ಷರಶಃ ನಿಜ. ಓಡಿಸಿಲ್ಲ ಎಂದು ಅವನು ಯಾರಿಗೂ ಹೇಳಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು.

ಮೊದಲಾಳಿ ನೀರಿನಿಂದ ಕಣ್ಣು ತೆಗೆಯದೆ ಕೇಳಿದರು. "ತಂಬಿ, ನೀನು ಈಗಷ್ಟೇ ನಿಜ ಹೇಳಿದವನು. ಇನ್ನೊಂದು ಹೇಳು. ಇವನು ಇದನ್ನ ಮುಂಚೆ ಓಡಿಸಿದ್ದಾನಾ?"

"ನನಗೆ ಕರೆಂಟಿನ ವಿಷಯ ಮಾತ್ರ ಗೊತ್ತು ಮೊದಲಾಳಿ," ಎಂದೆ.

ಅವರ ಹೊಟ್ಟೆ ಅಲುಗಾಡತೊಡಗಿತು. ಆಮೇಲೆ ನಗು ಹೊರಗೆ ಬಂತು. ಮಾವನೂ ನಕ್ಕ, ಬೇರೆ ದಾರಿ ಇರಲಿಲ್ಲ. ಕಾಣುಂ ಪೊಂಗಲ್ ದಿನ ಬೀಗರ ಮುಂದೆ ಸ್ಕೂಟರು ಓಡಿಸಿದವನು ಕಾಳಿಯಪ್ಪನ್. ಮೊದಲಾಳಿ ಇಸ್ತ್ರಿ ಮಾಡಿದ ಪಂಚೆಯುಟ್ಟು ಅಂಚಿನಲ್ಲಿ ನಿಂತು, ಮೈ ಹೇಗೆ ವಾಲಿಸಬೇಕೆಂದು ತಾವೇ ಕಲಿಸಿಕೊಟ್ಟದ್ದೆಂದು ಬೀಗರಿಗೆ ವಿವರಿಸಿದರು. ಮಿಲ್ಲಿನ ಲಾರಿಗಳು ನಮ್ಮ ಅಂಗಡಿಗೇ ಬರುತ್ತಿದ್ದವು. ಮಾವ ನನ್ನೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದ; ಮೀಸೆ ಬೆಳೆದ ಮೇಲೆ ಸರಿಹೋದ.

ಈಗ ನಿಮ್ಮ ಕೈಯಲ್ಲಿ ಮೀಟರ್ ಇದೆ. ಅದರ ಒಂದು ವೈರಿನ ಮೊನೆಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಹಿಡಿದು ಬಟನ್ ಒತ್ತಿದರೆ, ನಾನು ಮೂರು ದಿನ ಹುಡುಕಿದ್ದನ್ನು ಅದು ಒಂದು ನಿಮಿಷದಲ್ಲಿ ಹೇಳುತ್ತದೆ. ಒಳ್ಳೆಯದೇ. ಆದರೆ ಮೀಟರ್ ತೆಗೆಯುವ ಮೊದಲು ನೋಡಬೇಕಾದದ್ದು ಇಷ್ಟು: ಕಡೆಯ ಸಲ ಇದನ್ನು ಬಿಚ್ಚಿ ಬಿಗಿದ ಕೈ ಯಾರದು? ಆ ಕೈ ನಿಮ್ಮದೇ ಆಗಿದ್ದರೆ ಮೊದಲು ಅಲ್ಲಿಂದ ಶುರುಮಾಡಿ, ಇನ್ನೊಬ್ಬರ ಮನೆ ಖಾಲಿಯಾಗುವ ಮುಂಚೆ.

ಮುಂದಿನ ಆಯುಧಪೂಜೆಗೆ ನಾನು ಗಂಧದ ಬಟ್ಟಲು ಹಿಡಿದು ಸೀಟು ಎತ್ತಲು ಹೋದೆ. ಮೊದಲಾಳಿ ಬಟ್ಟಲು ಕಿತ್ತುಕೊಂಡರು. ಸ್ಕೂಟರಿನ ಮುಂಭಾಗದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಹೆಬ್ಬೆರಳಿನಲ್ಲಿ ಒಂದು ದೊಡ್ಡ ಬೊಟ್ಟಿಟ್ಟು, ಮೇಲೆ ಕುಂಕುಮ ಒತ್ತಿದರು. ಅವರು ಹೇಳಿದ್ದ ಹಾಗೆಯೇ ಫಾರಿನ್ ಪೈಂಟಿನ ಮೇಲೆ ಕಲೆ ಬಿತ್ತು. ಕಾಳಿಯಪ್ಪನ್ ಪ್ರತಿದಿನ ಸ್ಕೂಟರನ್ನು ಒರೆಸುತ್ತಿದ್ದ, ಆದರೆ ಆ ಕಲೆಯ ಮೇಲೆ ಅವನು ಯಾವತ್ತೂ ಬಟ್ಟೆ ಒತ್ತಲಿಲ್ಲ.